ವ್ಯಾಯಾಮ ಹೇಳಿಕೊಡುವವರ ವ್ಯಾಯಾಮ

ಮಂಡಿನೋವಿನ ಬಗ್ಗೆ ಈ ಅಂಕಣದಲ್ಲಿ ಬರೆದಿದ್ದ ಉತ್ತರಗಳನ್ನು ಓದಿ ಪತ್ರ ಬರೆದವರಲ್ಲಿ ರೋಗಿಗಳಿಗಿಂತ ಫಿಸಿಯೊಥೆರಪಿಸ್ಟರೇ ಹೆಚ್ಚಾಗಿದ್ದರು. ‘ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ ಎಂದು ಬರೆದಿದ್ದೀರಿ, ಅದನ್ನು ದಿನವೂ ಹತ್ತು ಜನಕ್ಕೆ ಹೇಳುವ ನಾವೇ ನಡೆಯುತ್ತಿಲ್ಲವಲ್ಲ’ ಎಂಬುದು ಆ ಪತ್ರಗಳ ಒಟ್ಟು ಸಾರ. ಇಪ್ಪತ್ತೆರಡು ವರ್ಷ ಇದೇ ವೃತ್ತಿಯಲ್ಲಿರುವ ನನಗೂ ತಟ್ಟುವ ಮಾತಾದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಖಾಸಗಿ ಆಸ್ಪತ್ರೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ಫಿಸಿಯೊಥೆರಪಿಸ್ಟ್ ಆಗಿದ್ದೇನೆ. ವಯಸ್ಸು 33. ಬೆಳಿಗ್ಗೆ ಐಸಿಯು ಮತ್ತು ವಾರ್ಡು, ಮಧ್ಯಾಹ್ನದ ಮೇಲೆ ಓಪಿಡಿ. ಕೂರಲು ಸಿಗುವುದು ಊಟದ ಹದಿನೈದು ನಿಮಿಷ ಮಾತ್ರ. ಮೊಬೈಲು ದಿನಕ್ಕೆ ಒಂಬತ್ತು ಸಾವಿರ ಹೆಜ್ಜೆ ತೋರಿಸುತ್ತದೆ. ಇಷ್ಟಾದ ಮೇಲೂ ನನಗೆ ಬೇರೆ ವ್ಯಾಯಾಮ ಬೇಕೆ? ಸೊಂಟ ಮತ್ತು ಬಲಗೈ ಹೆಬ್ಬೆರಳು ಸದಾ ನೋಯುತ್ತವೆ. ಲಿಫ್ಟ್ ಕೆಟ್ಟ ದಿನ ಮೂರು ಮಹಡಿ ಹತ್ತಿದರೆ ಏದುಸಿರು ಬರುತ್ತದೆ.
— ಓದುಗಿ, ವಿಜಯನಗರ

ಉತ್ತರ: ಲಿಫ್ಟ್ ಕೆಟ್ಟ ದಿನವೇ ನಿಮಗೆ ಉತ್ತರ ಕೊಟ್ಟಿದೆ. ದಿನವಿಡೀ ನಿಂತು ಓಡಾಡುವ ದೇಹಕ್ಕೆ ಮೂರು ಮಹಡಿಯ ಮೆಟ್ಟಿಲು ಭಾರವಾಗುತ್ತಿದೆ ಎಂದರೆ, ನಿಮ್ಮ ಕೆಲಸ ನಿಮ್ಮನ್ನು ದಣಿಸುತ್ತಿದೆಯೇ ಹೊರತು ಬಲಪಡಿಸುತ್ತಿಲ್ಲ. (ಹಾಗಿದ್ದೂ, ಈ ಏದುಸಿರು ಇತ್ತೀಚೆಗೆ ಶುರುವಾದದ್ದಾದರೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮೊದಲು ಆಗಲಿ. ರೋಗಿಗಳಿಗೆ ಇದನ್ನು ತಪ್ಪದೆ ಹೇಳುವ ನಾವು ನಮ್ಮ ಸರದಿ ಬಂದಾಗ ಮರೆಯುತ್ತೇವೆ.)

ಲೆಕ್ಕವನ್ನು ಹೀಗೆ ನೋಡಿ. ಸುಮ್ಮನೆ ಕುಳಿತ ದೇಹ ಖರ್ಚು ಮಾಡುವ ಶಕ್ತಿಯನ್ನು ಒಂದು ಮೆಟ್ ಎಂದು ಎಣಿಸುತ್ತೇವೆ ಎಂಬುದನ್ನು ನೀವು ಕಾಲೇಜಿನಲ್ಲೇ ಓದಿದ್ದೀರಿ. ಮೂರು ಮೆಟ್ ಮುಟ್ಟಿದರೆ ಮಧ್ಯಮ ತೀವ್ರತೆ, ಆರು ಮುಟ್ಟಿದರೆ ಹೆಚ್ಚಿನ ತೀವ್ರತೆ. ಮಂಚದ ಪಕ್ಕ ನಿಂತು ಭುಜದ ಕೀಲನ್ನು ಹಗುರವಾಗಿ ಆಡಿಸುವಾಗ, ಐಎಫ್‌ಟಿ ಎಂಬ ನೋವು ತಗ್ಗಿಸುವ ವಿದ್ಯುತ್ ಯಂತ್ರದ ಪ್ಯಾಡು ಅಂಟಿಸುವಾಗ, ಕೇಸ್‌ಶೀಟ್ ಬರೆಯುವಾಗ ನೀವು ಮೂರರ ಆಸುಪಾಸಿಗೂ ಬರುವುದಿಲ್ಲ. ವಾರ್ಡಿನಿಂದ ವಾರ್ಡಿಗೆ ಹೋಗುವ ಹೆಜ್ಜೆಗಳು ನಿಮ್ಮ ಹೆಜ್ಜೆಗಳೂ ಅಲ್ಲ. ಮಂಡಿ ಶಸ್ತ್ರಚಿಕಿತ್ಸೆಯಾಗಿ ಎರಡನೆಯ ದಿನ ವಾಕರ್ ಹಿಡಿದು ನಡೆಯುತ್ತಿರುವ ಅಜ್ಜಿಯ ಹೆಜ್ಜೆಗೆ ನಿಮ್ಮ ಹೆಜ್ಜೆಯನ್ನು ಕಟ್ಟಿಹಾಕಿರುತ್ತೀರಿ. ಮೊಬೈಲು ಹೆಜ್ಜೆಯನ್ನು ಎಣಿಸುತ್ತದೆಯಾದರೂ ಆ ಹೆಜ್ಜೆಯಲ್ಲಿ ಎದೆ ಎಷ್ಟು ಬಡಿದುಕೊಂಡಿತು ಎಂಬುದನ್ನು ಎಣಿಕೆಗೆ ಸೇರಿಸುವುದಿಲ್ಲ. ಆ ಒಂಬತ್ತು ಸಾವಿರ ವ್ಯರ್ಥವೆಂದು ನಾನು ಹೇಳುತ್ತಿಲ್ಲ, ಕುರ್ಚಿಯಲ್ಲಿ ಕಳೆದ ದಿನಕ್ಕಿಂತ ಅದು ಖಂಡಿತ ಮೇಲು. ಆದರೆ ಅದರೊಳಗೆ ಮಾತನಾಡಬಹುದಾದರೂ ಹಾಡಲಾಗದಷ್ಟು ಉಸಿರು ಏರಿದ ನಿಮಿಷಗಳೆಷ್ಟು ಎಂದು ಒಂದು ವಾರ ಬರೆದಿಟ್ಟು ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಕೇಳುವುದು ವಾರಕ್ಕೆ ಅಂಥ 150ರಿಂದ 300 ನಿಮಿಷ, ಅಥವಾ ಹೆಚ್ಚು ತೀವ್ರತೆಯ 75ರಿಂದ 150 ನಿಮಿಷ. ಜೊತೆಗೆ ವಾರಕ್ಕೆ ಎರಡು ದಿನವಾದರೂ ದೊಡ್ಡ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. ಕೆಲಸದಲ್ಲಾದ ಚಟುವಟಿಕೆಯನ್ನೂ ಅದು ಒಪ್ಪುತ್ತದೆ. ತಕರಾರಿರುವುದು ನಿಮ್ಮ ಕೆಲಸದಲ್ಲಿ ಅಂಥ ನಿಮಿಷಗಳು ಇವೆಯೇ ಎಂಬುದರಲ್ಲಿ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಬಿಡುವಿನ ವೇಳೆಯ ಚಟುವಟಿಕೆ ಆಯುಷ್ಯವನ್ನು ಹೆಚ್ಚಿಸುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಸ್ಪಷ್ಟವಾಗಿದ್ದರೂ, ಮೈಮುರಿಯುವ ಕೆಲಸದ ಚಟುವಟಿಕೆಗೆ ಆ ಲಾಭ ಕಾಣುವುದಿಲ್ಲ. 2018ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರಲ್ಲಿ ಹೆಚ್ಚು ದೈಹಿಕ ಶ್ರಮದ ಕೆಲಸ ಮಾಡುವ ಗಂಡಸರಲ್ಲಿ ಅಕಾಲ ಮರಣದ ಸಾಧ್ಯತೆ ಕಡಿಮೆ ಶ್ರಮದವರಿಗಿಂತ ಶೇ 18ರಷ್ಟು ಹೆಚ್ಚೇ ಇತ್ತು. ಹೆಂಗಸರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಡೆನ್ಮಾರ್ಕಿನ ಸಂಶೋಧಕ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಅವರ ಸಂಗಡಿಗರು ಇದಕ್ಕೆ ಕೊಡುವ ವಿವರಣೆ ನಮ್ಮ ವೃತ್ತಿಗೆ ಅಳತೆ ಹಿಡಿದು ಹೊಲಿದಂತಿದೆ. ಕೆಲಸದ ಶ್ರಮ ಹೃದಯವನ್ನು ಹುರಿಗೊಳಿಸುವಷ್ಟು ತೀವ್ರವಲ್ಲ, ಆದರೆ ಗಂಟೆಗಟ್ಟಲೆ ನಡೆಯುತ್ತದೆ, ಒಂದೇ ಭಂಗಿಯಲ್ಲಿ ಬಿಗಿಹಿಡಿದು ನಿಲ್ಲುವುದರಿಂದ, ಭಾರ ಎತ್ತುವುದರಿಂದ ರಕ್ತದೊತ್ತಡ ಏರುತ್ತದೆ, ಸುಧಾರಿಸಿಕೊಳ್ಳಲು ಬಿಡುವಿಲ್ಲ, ವೇಗವನ್ನು ನಿರ್ಧರಿಸುವವರು ನೀವಲ್ಲ, ಹೊರಗೆ ಟೋಕನ್ ಹಿಡಿದು ಕುಳಿತವರು.

ನಿಮ್ಮ ಸೊಂಟ ಮತ್ತು ಹೆಬ್ಬೆರಳಿನ ವಿಷಯದಲ್ಲಿ ನಿಮಗೆ ದೊಡ್ಡ ಜೊತೆಯೇ ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಫಿಸಿಯೊಥೆರಪಿಸ್ಟರ ಕುರಿತು 2000ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ 91 ಮಂದಿ ಕೆಲಸದಿಂದ ಬಂದ ಸ್ನಾಯು–ಕೀಲುಗಳ ನೋವನ್ನು ಒಮ್ಮೆಯಾದರೂ ಅನುಭವಿಸಿದ್ದೇವೆ ಎಂದಿದ್ದರು. ಆರರಲ್ಲಿ ಒಬ್ಬರು ಅದೇ ಕಾರಣಕ್ಕೆ ವಿಭಾಗ ಬದಲಿಸಿದ್ದರು ಇಲ್ಲವೇ ವೃತ್ತಿಯನ್ನೇ ಬಿಟ್ಟಿದ್ದರು. ನನ್ನದೇ ಕತೆ ಹೇಳುವುದಾದರೆ, ನಾನು ಮೊದಲು ಸೇರಿದ ಆಸ್ಪತ್ರೆಯಲ್ಲಿ ಚಿಕಿತ್ಸೆಯ ಮಂಚಗಳೆಲ್ಲ ಬಡಗಿ ಮಾಡಿದ ಮರದವು, ಎತ್ತರ ನನ್ನ ತೊಡೆಯ ಅರ್ಧಕ್ಕೆ. ‘ಸೊಂಟ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ’ ಎಂದು ರೋಗಿಗಳಿಗೆ ಹೇಳುತ್ತಲೇ ಅವರ ಮೇಲೆ ನಾನು ದಿನಕ್ಕೆ ಆರು ಗಂಟೆ ಬಗ್ಗಿರುತ್ತಿದ್ದೆ. ಎರಡನೆಯ ವರ್ಷ ಒಂದು ಬೆಳಿಗ್ಗೆ ನೆಟ್ಟಗಾಗಲಾರದೆ ಅದೇ ಮಂಚದ ಮೇಲೆ ಮಲಗಿದಾಗ ನಮ್ಮ ಅಟೆಂಡರ್ ಒಬ್ಬರು ಕಟ್ಟಡ ಕೆಲಸ ನಡೆಯುತ್ತಿದ್ದ ಕಡೆಯಿಂದ ಇಟ್ಟಿಗೆ ತಂದು ನಾಲ್ಕೂ ಕಾಲುಗಳ ಕೆಳಗೆ ಎರಡೆರಡು ಜೋಡಿಸಿದರು. ಹತ್ತಲು ಕಷ್ಟಪಡುವ ಹಿರಿಯರಿಗೆ ಒಂದು ಮೆಟ್ಟಿಲು ಸ್ಟೂಲು ಬಂತು. ಆರು ತಿಂಗಳ ಬಿಸಿನೀರಿನ ಚೀಲ ಮಾಡಲಾಗದ ಕೆಲಸವನ್ನು ಆ ಎಂಟು ಇಟ್ಟಿಗೆಗಳು ಮಾಡಿದವು. ಆದ್ದರಿಂದ ನಿಮ್ಮ ಮೊದಲ ವ್ಯಾಯಾಮ ಮಂಚದ ಎತ್ತರವನ್ನು ಸರಿಮಾಡಿಸುವುದು. ಎರಡನೆಯದು, ಹೆಬ್ಬೆರಳ ತುದಿಯಿಂದ ಒತ್ತುವ ಕಡೆಯಲ್ಲೆಲ್ಲ ಅಂಗೈಯ ಬುಡ, ಮೊಣಕೈ ಅಥವಾ ಉಪಕರಣವನ್ನು ಬಳಸುವುದು; ಒತ್ತಲೇಬೇಕಾದಾಗ ಹೆಬ್ಬೆರಳ ಗೆಣ್ಣು ಹಿಂದಕ್ಕೆ ಬಾಗದಂತೆ ಇನ್ನೊಂದು ಕೈಯ ಆಸರೆ ಕೊಡುವುದು. ಮೂರನೆಯದಾಗಿ, ವಾರಕ್ಕೆ ಎರಡು ದಿನ ಇಪ್ಪತ್ತು ನಿಮಿಷ ಭಾರದ ವ್ಯಾಯಾಮ: ಪೃಷ್ಠ ಮತ್ತು ಬೆನ್ನಿಗೆ ನೆಲದಿಂದ ಭಾರ ಎತ್ತುವುದು, ಭುಜದ ಹಿಂಭಾಗಕ್ಕೆ ಥೆರಾಬ್ಯಾಂಡ್ ಎಂಬ ರಬ್ಬರ್ ಪಟ್ಟಿ ಎಳೆಯುವುದು, ತೊಡೆಗೆ ಸ್ಕ್ವಾಟ್. ಎಂಬತ್ತು ಕಿಲೋ ತೂಕದ ಪಾರ್ಶ್ವವಾಯು ರೋಗಿಯನ್ನು ಮಂಚದಿಂದ ವ್ಹೀಲ್‌ಚೇರಿಗೆ ದಾಟಿಸುವ ಕೆಲಸವಿರುವ ದೇಹ ಅದಕ್ಕೆ ತಯಾರಾಗಿರಬೇಕಲ್ಲವೇ? ಕೆಲಸವೇ ತಯಾರಿಯಾಗಲಿ ಎಂದು ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಿಮ್ಮ ಸೊಂಟ ಹೇಳುತ್ತಿದೆ.

ಪ್ರಶ್ನೆ: ಫ್ರೋಜನ್ ಶೋಲ್ಡರ್ (ಭುಜ ಬಿಗಿದುಕೊಳ್ಳುವ ತೊಂದರೆ) ಎಂದು ಎರಡು ತಿಂಗಳಿಂದ ಹತ್ತಿರದ ಕ್ಲಿನಿಕ್ಕಿಗೆ ಹೋಗುತ್ತಿದ್ದೇನೆ. ಅಲ್ಲಿಯ ಫಿಸಿಯೊಥೆರಪಿಸ್ಟರಿಗೆ ನಲವತ್ತರ ಪ್ರಾಯ, ದೊಡ್ಡ ಹೊಟ್ಟೆ. ಸಂಜೆ ಎದುರಿನ ಬೇಕರಿಯಲ್ಲಿ ಅವರನ್ನು ನೋಡುತ್ತಿರುತ್ತೇನೆ. ನನಗೆ ಮಾತ್ರ ದಿನಕ್ಕೆ ಮೂರು ಸಲ ವ್ಯಾಯಾಮ ಮಾಡಿ ಎನ್ನುತ್ತಾರೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬಂತಾಗಲಿಲ್ಲವೇ? ಬೇರೆಯವರ ಬಳಿ ಹೋಗಲೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಮಲ್ಲೇಶ್ವರ

ಉತ್ತರ: ಬೇಕರಿಯಲ್ಲಿ ಅವರನ್ನು ನೋಡುತ್ತಿರುತ್ತೀರಿ ಎಂದಮೇಲೆ ನೀವೂ ಅಲ್ಲಿರುತ್ತೀರಿ ಎಂದು ಊಹಿಸಿದ್ದೇನೆ, ತಪ್ಪಾದರೆ ಕ್ಷಮಿಸಿ.

ಹೊಟ್ಟೆಯ ಸುತ್ತಳತೆ ನೋಡಿ ಒಬ್ಬರು ವ್ಯಾಯಾಮ ಮಾಡುತ್ತಾರೋ ಇಲ್ಲವೋ ಎಂದು ತೀರ್ಮಾನಿಸಲು ಬರುವುದಿಲ್ಲ. ವಾರಕ್ಕೆ ನಾಲ್ಕು ದಿನ ಈಜುವ ದಪ್ಪ ಮೈಯವರೂ, ನೂರು ಮೀಟರ್ ಓಡಲಾರದ ತೆಳ್ಳಗಿನವರೂ ನನ್ನ ಸಹೋದ್ಯೋಗಿಗಳಲ್ಲಿದ್ದಾರೆ. ನಿಮ್ಮ ಭುಜಕ್ಕೆ ಬೇಕಾಗಿರುವುದು ಅವರ ಸೊಂಟದ ಅಳತೆಗಿಂತ ಅವರ ಕಣ್ಣು ಮತ್ತು ಕೈ: ಪ್ರತಿ ವಾರ ನಿಮ್ಮ ತೋಳು ಎಷ್ಟು ಮೇಲೇರುತ್ತದೆ ಎಂದು ಅಳೆದು ಬರೆದುಕೊಳ್ಳುತ್ತಾರೆಯೇ, ಮನೆಯಲ್ಲಿ ಮಾಡುವ ವ್ಯಾಯಾಮವನ್ನು ಮುಂದೆ ನಿಂತು ಮಾಡಿಸಿ ತಿದ್ದುತ್ತಾರೆಯೇ, ನೋವು ಕಡಿಮೆಯಾದಂತೆ ವ್ಯಾಯಾಮವನ್ನು ಬದಲಿಸುತ್ತಾರೆಯೇ ಎಂದು ನೋಡಿ. ಇವು ಇಲ್ಲದೆ ಬರೀ ಯಂತ್ರ ಹಚ್ಚಿ ಇಪ್ಪತ್ತು ನಿಮಿಷ ಮಲಗಿಸುವವರಾದರೆ, ಅವರು ಮ್ಯಾರಥಾನ್ ಓಟಗಾರರಾಗಿದ್ದರೂ ಬಿಟ್ಟುಬನ್ನಿ.

ಆದರೆ ನಿಮ್ಮ ಅಸಮಾಧಾನವನ್ನು ನಾನು ತಳ್ಳಿಹಾಕುತ್ತಿಲ್ಲ. ಅಮೆರಿಕದ ಅಟ್ಲಾಂಟಾದಲ್ಲಿ ನಡೆದು 2000ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಆಸ್ಪತ್ರೆಯಲ್ಲಿ ಕಾಯುತ್ತಿದ್ದವರಿಗೆ ಆಹಾರ ಮತ್ತು ವ್ಯಾಯಾಮದ ಬಗ್ಗೆ ವೈದ್ಯೆಯೊಬ್ಬರು ಮಾತನಾಡುವ ವಿಡಿಯೊ ತೋರಿಸಿದರು. ಒಂದು ಗುಂಪು ನೋಡಿದ ವಿಡಿಯೊದಲ್ಲಿ ಅವರು ತಮ್ಮದೇ ಅಭ್ಯಾಸಗಳ ಬಗ್ಗೆ ಅರ್ಧ ನಿಮಿಷ ಹೆಚ್ಚಿಗೆ ಹೇಳಿದ್ದರು. ಮೇಜಿನ ಮೇಲೆ ಒಂದು ಸೇಬು ಮತ್ತು ಸೈಕಲ್ ಹೆಲ್ಮೆಟ್ ಇತ್ತು. ಅಷ್ಟಕ್ಕೇ ಆ ವೈದ್ಯೆ ನೋಡಿದವರಿಗೆ ಹೆಚ್ಚು ನಂಬಿಕಸ್ಥರಾಗಿ, ಹುರುಪು ತುಂಬುವವರಾಗಿ ಕಂಡರು. ಹೇಳುವವರ ಬದುಕು ಕೇಳುವವರ ಕಿವಿಯನ್ನು ತೆರೆಯುತ್ತದೆ ಎಂಬುದು ನಿಜ. ಆದ್ದರಿಂದ ಮುಂದಿನ ಬಾರಿ ಹೋದಾಗ ‘ಸಾರ್, ನೀವು ದಿನಾ ಏನು ಮಾಡ್ತೀರಿ?’ ಎಂದು ನೇರವಾಗಿ, ವ್ಯಂಗ್ಯವಿಲ್ಲದೆ ಕೇಳಿ. ‘ನನಗೂ ಆಗುತ್ತಿಲ್ಲ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟೂವರೆವರೆಗೆ ಕ್ಲಿನಿಕ್ಕು’ ಎಂದು ಒಪ್ಪಿಕೊಳ್ಳುವವರನ್ನು ನಾನು ಹೆಚ್ಚು ನಂಬುತ್ತೇನೆ. ಅಂಥವರಿಗೆ ನಿಮ್ಮ ಮೂರು ಸಲದ ಕಷ್ಟವೂ ಅರ್ಥವಾಗುತ್ತದೆ, ಎರಡು ಸಲಕ್ಕೆ ಒಪ್ಪಂದವೂ ಆಗಬಹುದು.

ಪ್ರಶ್ನೆ: ನಾನು ಬಿಪಿಟಿ (ಫಿಸಿಯೊಥೆರಪಿ ಪದವಿ) ಅಂತಿಮ ವರ್ಷದಲ್ಲಿದ್ದೇನೆ. ಪಿಯುಸಿವರೆಗೆ ಜಿಲ್ಲಾ ಮಟ್ಟದಲ್ಲಿ ಖೋಖೋ ಆಡುತ್ತಿದ್ದೆ. ಹಾಸನದಿಂದ ಬೆಂಗಳೂರಿನ ಹಾಸ್ಟೆಲ್ಲಿಗೆ ಬಂದಮೇಲೆ ನಿಂತುಹೋಯಿತು. ಈಗ ಪ್ರಾಜೆಕ್ಟಿಗಾಗಿ ನಗರದ ಫಿಸಿಯೊಥೆರಪಿಸ್ಟರ ಚಟುವಟಿಕೆಯನ್ನು ಪ್ರಶ್ನಾವಳಿಯಿಂದ ಅಳೆಯುತ್ತಿದ್ದೇನೆ. ಕೆಲಸದ ಚಟುವಟಿಕೆಯನ್ನು ಸೇರಿಸಿದರೆ ಎಲ್ಲರೂ ಚುರುಕು, ಬಿಟ್ಟರೆ ಅರ್ಧಕ್ಕರ್ಧ ಜನ ನಿಷ್ಕ್ರಿಯರು. ಯಾವುದು ಸರಿ? ನನ್ನದೇ ಪ್ರತಿಯಲ್ಲಿ ಬಿಡುವಿನ ವೇಳೆಯ ಕಾಲಂ ಸೊನ್ನೆ ಬಂದಿದೆ, ಅದು ಬೇರೆ ಮಾತು.
— ವಿದ್ಯಾರ್ಥಿನಿ, ಜಯನಗರ

ಉತ್ತರ: ಅದು ಬೇರೆ ಮಾತಲ್ಲ, ಆದರೂ ಮೊದಲು ಪ್ರಾಜೆಕ್ಟಿಗೆ ಬರೋಣ. ನೀವು ಎಡವಿರುವ ಕಲ್ಲಿಗೆ ಎಪ್ಪತ್ತು ವರ್ಷ ದಾಟಿದೆ. ಲಂಡನ್ನಿನ ಸಂಶೋಧಕ ಜೆರ್ರಿ ಮಾರಿಸ್ ಅವರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಸ್ಸಿನ ಚಾಲಕರಿಗಿಂತ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯಿತ್ತು. ಇಬ್ಬರದೂ ಒಂದೇ ಬಸ್ಸು, ಒಂದೇ ಪಾಳಿ. ಆದರೆ ಚಾಲಕರು ಕುಳಿತೇ ಇರುತ್ತಿದ್ದರು, ಕಂಡಕ್ಟರುಗಳು ಡಬಲ್ ಡೆಕ್ಕರಿನ ಮೆಟ್ಟಿಲುಗಳನ್ನು ದಿನಕ್ಕೆ 500ರಿಂದ 750ರಷ್ಟು ಹತ್ತಿ ಇಳಿಯುತ್ತಿದ್ದರು. ಹಾಗಾದರೆ ಕೆಲಸದ ಚಟುವಟಿಕೆ ಒಳ್ಳೆಯದೇ ಆಯಿತಲ್ಲ, ಮೇಲೆ ಹೇಳಿದ ಡೆನ್ಮಾರ್ಕಿನವರ ಮಾತಿಗೆ ಇದು ವಿರುದ್ಧವಲ್ಲವೇ ಎಂದು ಕೇಳಬಹುದು. ನನಗೆ ಕಾಣುವಂತೆ ವಿರೋಧವಿಲ್ಲ. ಮೆಟ್ಟಿಲು ಹತ್ತುವುದು ಚಿಕ್ಕ ಅವಧಿಯ, ಉಸಿರು ಏರಿಸುವ, ಮತ್ತೆ ಸುಧಾರಿಸಿಕೊಳ್ಳಲು ಬಿಡುವ ಶ್ರಮ. ಬಗ್ಗಿ ನಿಂತು ಒಂದು ಕೀಲನ್ನು ಹಿಡಿದಿರುವುದು ಅದಲ್ಲ. ನಮ್ಮ ಬಿಎಂಟಿಸಿ ಕಂಡಕ್ಟರ್ ತುಂಬಿದ ಒಂದಂತಸ್ತಿನ ಬಸ್ಸಿನಲ್ಲಿ ಕಂಬಿಗೆ ಒರಗಿ ಟಿಕೆಟ್ ಹರಿಯುವುದೂ ಅದಲ್ಲ. ಇನ್ನೊಂದು ಎಚ್ಚರಿಕೆಯನ್ನೂ ಮಾರಿಸರಿಂದಲೇ ಕಲಿಯಬಹುದು: 1956ರಲ್ಲಿ ಅವರು ಸಮವಸ್ತ್ರದ ಅಳತೆಗಳನ್ನು ನೋಡಿದಾಗ, ಚಾಲಕರ ಪ್ಯಾಂಟಿನ ಸೊಂಟ ಕೆಲಸಕ್ಕೆ ಸೇರುವಾಗಲೇ ದೊಡ್ಡದಿತ್ತು. ಎಂಥವರು ಯಾವ ಕೆಲಸಕ್ಕೆ ಬರುತ್ತಾರೆ ಎಂಬುದೂ ಫಲಿತಾಂಶದೊಳಗೆ ಬೆರೆತಿರುತ್ತದೆ. ಖೋಖೋ ಆಡಿದವರು ಫಿಸಿಯೊಥೆರಪಿಗೆ ಬರುವುದು ಹೆಚ್ಚಾದರೆ, ನಿಮ್ಮ ಅಂಕಿ ವೃತ್ತಿಯದೋ ಖೋಖೋದ್ದೋ ಹೇಳುವುದು ಕಷ್ಟ.

ಹಾಗಾಗಿ ದೈಹಿಕ ಚಟುವಟಿಕೆ ಅಳೆಯುವ ಐಪ್ಯಾಕ್ ಪ್ರಶ್ನಾವಳಿಯ ಏಳು ಪ್ರಶ್ನೆಗಳ ಚಿಕ್ಕ ಆವೃತ್ತಿ ಸಾಲದು. ಅದರಲ್ಲಿ ಕೆಲಸ, ಓಡಾಟ, ಮನೆಗೆಲಸ, ಬಿಡುವು ಎಲ್ಲವೂ ಕಲಸಿಹೋಗುತ್ತವೆ. ದೊಡ್ಡ ಆವೃತ್ತಿಯನ್ನು ಬಳಸಿ, ನಾಲ್ಕನ್ನೂ ಬೇರೆಬೇರೆಯಾಗಿ ವರದಿ ಮಾಡಿ. ಒಟ್ಟು ಅಂಕಿಯೊಂದನ್ನೇ ಕೊಡುವ ಪ್ರಬಂಧ ನಮ್ಮ ವೃತ್ತಿಯ ಬಗ್ಗೆ ಸುಳ್ಳು ಸಮಾಧಾನ ಹೇಳಿದಂತೆ. ಇಂಥ ಪ್ರಶ್ನಾವಳಿಗಳಲ್ಲಿ ಜನ ಸಾಮಾನ್ಯವಾಗಿ ಇದ್ದದ್ದಕ್ಕಿಂತ ಹೆಚ್ಚು ಬರೆಯುತ್ತಾರೆ. ಎಷ್ಟು ಬರೆದರೆ ‘ಚುರುಕು’ ಎನಿಸಿಕೊಳ್ಳುತ್ತೇವೆ ಎಂಬ ಗಡಿ ಗೊತ್ತಿರುವ ಫಿಸಿಯೊಥೆರಪಿಸ್ಟರು ಇನ್ನೂ ಸ್ವಲ್ಪ ಉದಾರವಾಗಿ ಬರೆದಾರು. ಸಾಧ್ಯವಿದ್ದರೆ ಹತ್ತು ಜನಕ್ಕಾದರೂ ಒಂದು ವಾರ ಸೊಂಟಕ್ಕೆ ಚಲನೆ ಅಳೆಯುವ ಆಕ್ಸಿಲರೋಮೀಟರ್ ಕಟ್ಟಿ ಹೋಲಿಸಿ.

ಇನ್ನು ನಿಮ್ಮ ಸೊನ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ, ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ, ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಆ ಅರ್ಧದಲ್ಲಿ ನೀವೂ ಸೇರಿದ್ದೀರಿ, ಅಷ್ಟೆ. ಆದರೆ ಇಂಟರ್ನ್‌ಶಿಪ್ ಮುಗಿದು ಕೆಲಸ ಹಿಡಿದ ಮೇಲೆ ಇದು ಸುಲಭವಾಗುತ್ತದೆ ಎಂದು ಕಾಯಬೇಡಿ, ಆಗುವುದಿಲ್ಲ. ಹಾಸ್ಟೆಲ್ಲಿನಲ್ಲಿ ಇನ್ನೂ ಹದಿನೇಳು ಹುಡುಗಿಯರು ಸಿಕ್ಕರೆ ಖೋಖೋ ತಂಡಗಳೆರಡಾದವು; ಸಿಗದಿದ್ದರೆ ಇಬ್ಬರೇ ಓಡಲು ಯಾರ ಅಪ್ಪಣೆಯೂ ಬೇಕಿಲ್ಲ. ಮಾರಿಸ್ ತಾವು ಕಂಡುಕೊಂಡದ್ದನ್ನು ತಮಗೇ ಅನ್ವಯಿಸಿಕೊಂಡು ವ್ಯಾಯಾಮ ಮುಂದುವರಿಸಿದವರು. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ. ಒಬ್ಬರ ಆಯುಷ್ಯ ಪುರಾವೆಯಾಗುವುದಿಲ್ಲ ಎಂದು ನಿಮ್ಮ ಗೈಡ್ ಹೇಳುತ್ತಾರೆ, ಅವರು ಹೇಳುವುದು ಸರಿ.

ಪ್ರಶ್ನೆ: ನಾನು ಹೋಮ್ ವಿಸಿಟ್ ಮಾಡುವ ಫಿಸಿಯೊ. ದಿನಕ್ಕೆ ಏಳು ಮನೆ, ಎಚ್‌ಎಸ್‌ಆರ್ ಬಡಾವಣೆಯಿಂದ ಬನ್ನೇರುಘಟ್ಟ ರಸ್ತೆಯವರೆಗೆ ಸ್ಕೂಟರಿನಲ್ಲಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲೇ ಅರ್ಧ ಆಯುಷ್ಯ ಹೋಗುತ್ತದೆ. ವ್ಯಾಯಾಮಕ್ಕೆ ಒಂದು ಗಂಟೆ ಎಲ್ಲಿಂದ ತರಲಿ?
— ಓದುಗ, ಮಡಿವಾಳ

ಉತ್ತರ: ಒಂದು ಗಂಟೆ ಬೇಡ. ಚಟುವಟಿಕೆ ಕನಿಷ್ಠ ಹತ್ತು ನಿಮಿಷ ಸತತವಾಗಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂಬ ಹಳೆಯ ಷರತ್ತನ್ನು 2020ರ ಮಾರ್ಗಸೂಚಿ ಕೈಬಿಟ್ಟಿದೆ; ಎರಡು ನಿಮಿಷದ ಮೆಟ್ಟಿಲೂ ಎರಡು ನಿಮಿಷವೇ. ನಿಮ್ಮ ಏಳು ಮನೆಗಳಲ್ಲಿ ನಾಲ್ಕಾದರೂ ಅಪಾರ್ಟ್‌ಮೆಂಟಿನಲ್ಲಿರುತ್ತವೆ. ನಾಲ್ಕನೆಯ ಮಹಡಿಯವರೆಗಿನ ಮನೆಗಳಿಗೆ ಲಿಫ್ಟ್ ಹತ್ತುವುದಿಲ್ಲ ಎಂದು ನಿರ್ಧರಿಸಿ, ಅದಕ್ಕೂ ಮೇಲಿನವಕ್ಕೆ ಅರ್ಧ ದಾರಿ ಮೆಟ್ಟಿಲು. ನೋವು ತಗ್ಗಿಸುವ ಟೆನ್ಸ್ ಯಂತ್ರದ ಚೀಲ ಹೆಗಲಿನಲ್ಲಿದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ದಾರಿ ರೋಗಿಯ ಮುಂದೆಯೇ ಇದೆ, ನಾವು ಅದನ್ನು ಬಳಸಿಕೊಳ್ಳುವುದಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ವ್ಯಾಯಾಮವನ್ನು ನಾವು ಎರಡು ಸಲ ಮಾಡಿ ತೋರಿಸಿ, ‘ಹತ್ತು ಸಲ ಮಾಡಿ, ಅಂಕಲ್’ ಎಂದು ಹೇಳಿ ಮೊಬೈಲು ನೋಡುತ್ತಾ ಎಣಿಸುತ್ತೇವೆ. ಎದುರಿಗೆ ಇನ್ನೊಂದು ಕುರ್ಚಿ ಹಾಕಿಕೊಂಡು ಪೂರ್ತಿ ಹತ್ತನ್ನೂ ಜೊತೆಯಲ್ಲೇ ಮಾಡಿ. ಮೂರು ಸುತ್ತು, ಏಳು ಮನೆ, ಇನ್ನೂರಕ್ಕೂ ಹೆಚ್ಚು ಸಲ ಎದ್ದು ಕುಳಿತಂತಾಯಿತು. ಹಿರಿಯರೂ ನಿಮ್ಮ ಲಯಕ್ಕೆ ಬೀಳುತ್ತಾರೆ. ಬೀಳುವ ಅಪಾಯವಿರುವವರ ಜೊತೆ ಮಾತ್ರ ಇದು ಬೇಡ. ಅಲ್ಲಿ ನಿಮ್ಮ ಕೈ ಅವರ ಸೊಂಟದ ಪಟ್ಟಿಯ ಮೇಲಿರಬೇಕು.

ಸಿಲ್ಕ್ ಬೋರ್ಡಿಗೆ ನನ್ನಲ್ಲಿ ಔಷಧವಿಲ್ಲ. ಮನೆಗಳನ್ನು ಬಡಾವಣೆವಾರು ಜೋಡಿಸಿ, ಒಂದು ದಿನ ಎಚ್‌ಎಸ್‌ಆರ್, ಮರುದಿನ ಬನ್ನೇರುಘಟ್ಟ ರಸ್ತೆ ಎಂದು ಹಂಚಿಕೊಂಡರೆ ಉಳಿಯುವ ಸಮಯದಲ್ಲಿ ಅಗರ ಕೆರೆಯ ದಂಡೆಯಲ್ಲಿ ಒಂದು ಸುತ್ತಾದರೂ ಬಿರುಸಾಗಿ ಹಾಕಬಹುದು. ಆದಾಯ ಸ್ವಲ್ಪ ಕಡಿಮೆಯಾದೀತು ಎಂಬುದು ನನಗೆ ಗೊತ್ತು. ಅದನ್ನು ಮರೆಮಾಚಿ ಸಲಹೆ ಕೊಡುವುದು ನ್ಯಾಯವಲ್ಲ.

ಪ್ರಶ್ನೆ: ನನ್ನ ಮಗಳು ಫಿಸಿಯೊಥೆರಪಿಸ್ಟ್. ಊರಿಗೆಲ್ಲ ವ್ಯಾಯಾಮ ಹೇಳುವವಳು ಭಾನುವಾರ ಹತ್ತು ಗಂಟೆಯಾದರೂ ಏಳುವುದಿಲ್ಲ. ಬೆಳಿಗ್ಗೆ ಆರಕ್ಕೆ ‘ಲಾಲ್‌ಬಾಗಿಗೆ ಬಾರೇ’ ಎಂದರೆ ‘ಅಮ್ಮಾ, ವಾರವೆಲ್ಲ ನಿಂತಿದ್ದೀನಿ, ಇವತ್ತಾದರೂ ಮಲಗಕ್ಕೆ ಬಿಡು’ ಎನ್ನುತ್ತಾಳೆ. ಸೋಮಾರಿತನವಲ್ಲವೇ ಇದು?
— ಗೃಹಿಣಿ, ಬಸವನಗುಡಿ

ಉತ್ತರ: ಅಲ್ಲ, ತಾಯಿ. ಮಲಗಲು ಬಿಡಿ. ಆರು ದಿನದ ನಿದ್ದೆಯ ಸಾಲ ಹೊತ್ತವಳನ್ನು ಆರು ಗಂಟೆಗೆ ಎಬ್ಬಿಸಿದರೆ ಲಾಲ್‌ಬಾಗ್ ಅವಳಿಗೆ ಏಳನೆಯ ದಿನದ ಡ್ಯೂಟಿಯಾಗುತ್ತದೆ. ಸಂಜೆ ನಾಲ್ಕೂವರೆಗೆ ಕರೆಯಿರಿ, ವ್ಯಾಯಾಮ ಎಂಬ ಮಾತನ್ನೇ ಎತ್ತದೆ ಕರೆಯಿರಿ. ಬಂಡೆಯ ಮೇಲಿನ ಕೆಂಪೇಗೌಡ ಗೋಪುರದವರೆಗೆ ನೀವು ನಿಧಾನವಾಗಿ ಹತ್ತಿ. ಅವಳು ನಿಮ್ಮ ಹೆಜ್ಜೆಗೆ ಹೊಂದಿಸಿಕೊಳ್ಳಲು ಹೊರಟರೆ ‘ನೀನು ಮುಂದೆ ಹೋಗಿರು, ನಾನು ಬರುತ್ತೇನೆ’ ಎನ್ನಿ. ಬೇರೆಯವರ ಹೆಜ್ಜೆಗೆ ಹೆಜ್ಜೆ ಹಾಕುವುದು ಅವಳ ವಾರದ ಕೆಲಸ, ಭಾನುವಾರ ಅದೊಂದು ಬೇಡ.